ಜೈಲು ಇತ್ತು, ಜೈಲು ಶಿಕ್ಷೆ ಇರಲಿಲ್ಲ: ಪ್ರಾಚೀನ ಜಗತ್ತಿನ ಸೆರೆಮನೆಗಳು

ಟಿವಿಯಲ್ಲಿ ಬರುವ ಈ ಸಾಲು ನಮಗೆಲ್ಲ ಬಾಯಿಪಾಠ ಆಗಿಬಿಟ್ಟಿದೆ: ಜಾಮೀನು ಅರ್ಜಿ ವಜಾ, ಆರೋಪಿ ಪರಪ್ಪನ ಅಗ್ರಹಾರಕ್ಕೆ. ಹೆಸರುವಾಸಿಗಳ ಕೇಸಾದರೆ ದಿನವಿಡೀ ಅದೇ ಚರ್ಚೆ. ನೋಡುತ್ತಾ ಕೂತವರಿಗೆ ಒಂದು ಪ್ರಶ್ನೆ ಹುಟ್ಟುವುದು ಸಹಜ. ತೀರ್ಪು ಬಂದಿಲ್ಲ, ತಪ್ಪು ಸಾಬೀತಾಗಿಲ್ಲ, ಆದರೂ ಮನುಷ್ಯ ಒಳಗಿದ್ದಾನೆ. ಹಾಗಾದರೆ ಜೈಲು ಇರುವುದು ಯಾತಕ್ಕೆ? ಶಿಕ್ಷೆ ಕೊಡುವುದಕ್ಕಾ, ತೀರ್ಪು ಬರುವ ತನಕ ಹಿಡಿದಿಟ್ಟುಕೊಳ್ಳುವುದಕ್ಕಾ?

ಇವತ್ತಿನ ಜೈಲು ಎರಡೂ ಕೆಲಸ ಮಾಡುತ್ತದೆ. ಕೇಸು ಇನ್ನೂ ನಡೆಯುತ್ತಿರುವವರು ವಿಚಾರಣಾಧೀನ ಕೈದಿಗಳು. ತೀರ್ಪು ಬಂದು ಶಿಕ್ಷೆ ಅನುಭವಿಸುತ್ತಿರುವವರು ಸಜಾ ಕೈದಿಗಳು. ಭಾರತದ ಜೈಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೊದಲನೇ ಗುಂಪಿನವರು. ನಮಗೆ ಇದು ಏನೋ ಎಡವಟ್ಟು ಅನ್ನಿಸುತ್ತದೆ, ಯಾಕೆಂದರೆ ಜೈಲು ಅಂದ ಕೂಡಲೇ ನಮ್ಮ ತಲೆಗೆ ಬರುವುದು ಶಿಕ್ಷೆ. ಆದರೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋದರೆ ಲೆಕ್ಕವೇ ಬೇರೆ. ಆಗ ಜೈಲಿನಲ್ಲಿ ಇರುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದವರೇ.

ಇಷ್ಟು ವರ್ಷ ಜೈಲು ಎಂಬ ಶಿಕ್ಷೆ ಯಾಕಿರಲಿಲ್ಲ?

ಹಳೆಯ ಕಾಲದ ಶಿಕ್ಷೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ದಂಡ, ಚಾಟಿಯೇಟು, ಕೈ ಕತ್ತರಿಸುವುದು, ಆಸ್ತಿ ಮುಟ್ಟುಗೋಲು, ಗಡಿಪಾರು, ಗುಲಾಮಗಿರಿ, ಕೊನೆಗೆ ಮರಣದಂಡನೆ. ಇವೆಲ್ಲ ಒಂದೋ ಬೇಗ ಮುಗಿಯುತ್ತವೆ, ಇಲ್ಲವೇ ಆಳುವವರಿಗೆ ಏನಾದರೂ ಆದಾಯ ತರುತ್ತವೆ. ಜೈಲು ಹಾಗಲ್ಲ. ಕಟ್ಟಡ ಬೇಕು, ಹಗಲೂ ರಾತ್ರಿ ಕಾವಲು ಬೇಕು, ಊಟ ಹಾಕಬೇಕು. ದುಡಿಯಬಲ್ಲ ಒಬ್ಬ ಮನುಷ್ಯನನ್ನು ಸುಮ್ಮನೆ ಕೂರಿಸಿ ಐದು ವರ್ಷ ಅನ್ನ ಹಾಕುವುದು ಆ ಕಾಲದ ರಾಜರಿಗೆ ಅರ್ಥವಿಲ್ಲದ ಖರ್ಚು. ಅದರ ಬದಲು ಗಣಿಗೆ ಕಳಿಸಿದರೆ ಕಲ್ಲಾದರೂ ಒಡೆಯುತ್ತಾನೆ. ರೋಮ್ ಸಾಮ್ರಾಜ್ಯ ಮಾಡಿದ್ದು ಅದನ್ನೇ. ಗಣಿಗೆ ಕಳಿಸುವುದು ಅಲ್ಲಿ ಮರಣದಂಡನೆಯ ನಂತರದ ಅತಿ ಘೋರ ಶಿಕ್ಷೆಗಳಲ್ಲಿ ಒಂದಾಗಿತ್ತು.

ಇನ್ನೊಂದು ಕಾರಣವೂ ಇದೆ. ಶಿಕ್ಷೆ ಅಂದರೆ ಊರವರ ಕಣ್ಣೆದುರಿಗೆ ಆಗಬೇಕು, ನೋಡಿದವರಿಗೆ ಭಯ ಹುಟ್ಟಬೇಕು ಅನ್ನುವುದು ಆಗಿನ ನಂಬಿಕೆ. ನಾಲ್ಕು ಗೋಡೆಯೊಳಗೆ ಒಬ್ಬ ಎಷ್ಟು ಕೊರಗಿದರೂ ಹೊರಗಿನವರಿಗೆ ಕಾಣುವುದಿಲ್ಲ, ಅಲ್ವಾ?

ಹಾಗಾಗಿ ಪ್ರಾಚೀನ ಸೆರೆಮನೆ ಒಂದು ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಅಲ್ಲಿ ಇರುವುದಕ್ಕೆಂದು ಯಾರೂ ಅಲ್ಲಿರುವುದಿಲ್ಲ, ಮುಂದೆ ಎಲ್ಲಿಗೋ ಹೋಗಬೇಕು. ಒಬ್ಬ ವಿಚಾರಣೆಗೆ ಕಾಯುತ್ತಿದ್ದಾನೆ, ಇನ್ನೊಬ್ಬ ಗಲ್ಲಿಗೆ, ಮತ್ತೊಬ್ಬ ಮನೆಯವರು ದಂಡದ ಹಣ ತರಲಿ ಎಂದು. ಅಪರಾಧಕ್ಕೆ ಅಳತೆ ಮಾಡಿ ಇಂತಿಷ್ಟು ವರ್ಷ ಜೈಲು ಎಂದು ಕೊಡುವ ಪದ್ಧತಿ ಮುಖ್ಯ ಶಿಕ್ಷೆಯಾಗಿ ಬೇರೂರಿದ್ದು 18ನೇ ಶತಮಾನದ ಕೊನೆಗೆ, ಯುರೋಪ್ ಮತ್ತು ಅಮೆರಿಕದಲ್ಲಿ. ನಮ್ಮಲ್ಲಿಗೆ ಅದು ಬಂದದ್ದು ಬ್ರಿಟಿಷರ ಜೊತೆ. ಬೆಂಗಳೂರಿನ ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲಾಗಿತ್ತು. ಅಲ್ಲಿ ಈಗಲೂ ಇರುವ ಕಾವಲು ಗೋಪುರ ಮತ್ತು ಬ್ಯಾರಕ್‌ಗಳನ್ನು ನೋಡಿದರೆ ಗೊತ್ತಾಗುತ್ತದೆ, ಅದು ನೂರಾರು ಜನರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲೆಂದೇ ಕಟ್ಟಿದ ಜಾಗ. ಪ್ರಾಚೀನರಿಗೆ ಅಂಥ ಕಟ್ಟಡದ ಅಗತ್ಯವೇ ಬಿದ್ದಿರಲಿಲ್ಲ.

ಸಾಲ ಕೊಟ್ಟವನ ಮನೆಯೇ ಸೆರೆ

ಬ್ಯಾಬಿಲೋನಿನ ರಾಜ ಹಮ್ಮುರಾಬಿ ಕ್ರಿ.ಪೂ. 18ನೇ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಕಾನೂನುಗಳಲ್ಲಿ ಕಣ್ಣಿಗೆ ಕಣ್ಣು ಎಂಬ ಮಾತು ಎಲ್ಲರಿಗೂ ಗೊತ್ತು. ಅದೇ ಕಲ್ಲಿನಲ್ಲಿ ಸೆರೆಯ ಬಗ್ಗೆಯೂ ನಿಯಮಗಳಿವೆ. ಸಾಲ ತೀರಿಸದವನ ಕಡೆಯವರನ್ನು ಸಾಲ ಕೊಟ್ಟವನು ಹಿಡಿದು ತನ್ನ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಅಂದರೆ ಜೈಲು ಸರ್ಕಾರದ್ದಲ್ಲ, ಸಾಹುಕಾರನದು. ಹಾಗೆ ಸೆರೆಯಲ್ಲಿದ್ದವನು ತಾನಾಗಿಯೇ ಸತ್ತರೆ ಕೇಸಿಲ್ಲ. ಹೊಡೆತದಿಂದಲೋ ಹಿಂಸೆಯಿಂದಲೋ ಸತ್ತರೆ, ಸತ್ತವನು ಸ್ವತಂತ್ರ ಮನುಷ್ಯನ ಮಗನಾಗಿದ್ದರೆ, ಸಾಲ ಕೊಟ್ಟವನ ಮಗನನ್ನು ಕೊಲ್ಲಬೇಕು. ಸತ್ತವನು ಗುಲಾಮನಾದರೆ ಬೆಳ್ಳಿಯಲ್ಲಿ ದಂಡ ಕಟ್ಟಿದರೆ ಸಾಕು. ಸಾಲಕ್ಕಾಗಿ ಹೆಂಡತಿಯನ್ನೋ ಮಕ್ಕಳನ್ನೋ ದುಡಿಮೆಗೆ ಒಪ್ಪಿಸಿದ್ದರೆ ಮೂರು ವರ್ಷ ದುಡಿಸಿ ನಾಲ್ಕನೇ ವರ್ಷ ಬಿಡಬೇಕು ಎಂಬ ನಿಯಮವೂ ಇದೆ.

ಕಸ್ಟಡಿಯಲ್ಲಿ ಸಾವಾದರೆ ಹೊಣೆ ಯಾರದು ಎಂಬ ಪ್ರಶ್ನೆ ಅಷ್ಟು ಹಳೆಯದು.

ಈಜಿಪ್ಟಿನಲ್ಲಿ ಸೆರೆ ಅಂದರೆ ಹೆಚ್ಚಾಗಿ ದುಡಿಸುವ ಜಾಗ. ಜನರು ಸರ್ಕಾರಕ್ಕೆ ಬಿಟ್ಟಿ ಕೆಲಸ ಮಾಡಿಕೊಡಬೇಕಿತ್ತು, ಹೊಲ, ಕಾಲುವೆ, ಕಟ್ಟಡ ಹೀಗೆ. ತಪ್ಪಿಸಿಕೊಂಡು ಓಡಿಹೋದವರ ಹೆಸರುಗಳ ಪಟ್ಟಿಯಿರುವ ಒಂದು ಪಪೈರಸ್ ಸುರುಳಿ ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ 'ದೊಡ್ಡ ಸೆರೆಮನೆ' ಎಂಬ ಕಚೇರಿಯ ಉಲ್ಲೇಖ ಬರುತ್ತದೆ. ಓಡಿಹೋದವನು ಸಿಗುವ ತನಕ ಅವನ ಮನೆಯವರನ್ನು ಹಿಡಿದಿಟ್ಟುಕೊಂಡಿದ್ದಂತೆ ಅದರ ಒಕ್ಕಣೆಯಿಂದ ಕಾಣುತ್ತದೆ.

ಅಥೆನ್ಸ್: ಹಡಗು ವಾಪಸ್ ಬರುವ ತನಕ

ಪ್ರಾಚೀನ ಕಾಲದ ಅತಿ ಪ್ರಸಿದ್ಧ ಕೈದಿ ಸಾಕ್ರಟೀಸ್. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಸಾಮಾನ್ಯವಾಗಿ ಅದು ಬೇಗನೆ ಜಾರಿಯಾಗಬೇಕು. ಆದರೆ ಆಗಷ್ಟೇ ನಗರದಿಂದ ಡೆಲೋಸ್ ದ್ವೀಪಕ್ಕೆ ಧಾರ್ಮಿಕ ಯಾತ್ರೆಯ ಹಡಗು ಹೊರಡಲು ಸಿದ್ಧವಾಗಿತ್ತು. ಅದು ಹೋಗಿ ವಾಪಸ್ ಬರುವ ತನಕ ಯಾರನ್ನೂ ಕೊಲ್ಲಬಾರದು ಎಂಬುದು ಪದ್ಧತಿ. ಹಾಗಾಗಿ ಸಾಕ್ರಟೀಸ್ ಸುಮಾರು 30 ದಿನ ಸೆರೆಯಲ್ಲಿ ಕಾದ. ಅವನನ್ನು ಅಲ್ಲಿ ಇಟ್ಟದ್ದು ಶಿಕ್ಷೆ ಅಂತಲ್ಲ. ಶಿಕ್ಷೆ ಮುಂದೆ ಕಾದಿತ್ತು.

ಆ ಸೆರೆಮನೆಯನ್ನು ನೋಡಿಕೊಳ್ಳುತ್ತಿದ್ದವರು ಚೀಟಿ ಎತ್ತಿ ಆರಿಸಿದ ಹನ್ನೊಂದು ಮಂದಿ. ಅವರನ್ನು 'ಹನ್ನೊಂದು ಜನ' ಎಂದೇ ಕರೆಯುತ್ತಿದ್ದರು. ಕೊನೆಯ ದಿನ ಬೆಳಗ್ಗೆ ಅವರು ಬಂದು ಸಾಕ್ರಟೀಸನ ಕಾಲಿನ ಸಂಕೋಲೆ ಬಿಚ್ಚಿಸಿದರು. ಗೆಳೆಯರು ಒಳಗೆ ಬಂದಾಗ ಅವನು ಮಂಚದ ಮೇಲೆ ಎದ್ದು ಕೂತು, ಕಾಲು ಮಡಚಿ, ಸಂಕೋಲೆ ಇದ್ದ ಜಾಗವನ್ನು ಕೈಯಿಂದ ಉಜ್ಜಿಕೊಳ್ಳುತ್ತಿದ್ದ. ನೋವು ಹೋದಮೇಲೆ ಅದೇ ಜಾಗದಲ್ಲಿ ಹಿತ ಅನ್ನಿಸುವುದು ಎಂಥ ವಿಚಿತ್ರ ಎಂದು ಅವರ ಜೊತೆ ಮಾತು ಶುರುಮಾಡಿದ. ಹೆಂಡತಿ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು. ಇದನ್ನೆಲ್ಲ ಬರೆದಿಟ್ಟವನು ಶಿಷ್ಯ ಪ್ಲೇಟೋ.

ಈ ಚಿತ್ರದಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಕೈದಿ ಕೋಣೆಯೊಳಗೇ ಇದ್ದರೂ ಕಾಲಿಗೆ ಸಂಕೋಲೆ ಇತ್ತು. ಗೋಡೆ, ಬಾಗಿಲುಗಳಿಗಿಂತ ಕಬ್ಬಿಣವನ್ನೇ ಜಾಸ್ತಿ ನಂಬುತ್ತಿದ್ದ ಕಾಲ ಅದು. ಜೊತೆಗೆ ಹೊರಗಿನವರು ದಿನಾ ಬಂದು ಹೋಗುತ್ತಿದ್ದರು. ಗೆಳೆಯ ಕ್ರಿಟೋ ಬೆಳಕು ಹರಿಯುವ ಮುಂಚೆಯೇ ಒಳಗೆ ಬಂದು ಕೂತಿದ್ದ, ಕಾವಲುಗಾರನ ಕೈ ಬಿಸಿ ಮಾಡಿದ್ದ. ಹಣ ಕೊಟ್ಟು ಪಾರು ಮಾಡಿಸುತ್ತೇನೆ ಅಂತಲೂ ಹೇಳಿದ್ದ. ಸಾಕ್ರಟೀಸ್ ಒಪ್ಪಲಿಲ್ಲ.

ಅಥೆನ್ಸಿನಲ್ಲಿ ಸರ್ಕಾರಕ್ಕೆ ದಂಡ ಬಾಕಿ ಇಟ್ಟುಕೊಂಡವರನ್ನೂ ಸೆರೆಗೆ ಹಾಕುತ್ತಿದ್ದರು. ಮ್ಯಾರಥಾನ್ ಯುದ್ಧ ಗೆದ್ದುಕೊಟ್ಟ ಸೇನಾಪತಿ ಮಿಲ್ಟಿಯಾಡೀಸ್ ಮುಂದೊಂದು ದಂಡಯಾತ್ರೆಯಲ್ಲಿ ಸೋತ. ಅವನಿಗೆ 50 ಟ್ಯಾಲೆಂಟ್ ದಂಡ ಬಿತ್ತು. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ ಬೆಳ್ಳಿ. ಆ ದಂಡ ಕಟ್ಟುವ ಮುಂಚೆಯೇ ಗಾಯ ಕೊಳೆತು ಸತ್ತ. ಸೆರೆಯಲ್ಲೇ ಸತ್ತ ಎಂದು ಹೇಳುವವರಿದ್ದಾರೆ. ಆ ಮೊತ್ತ ಕಟ್ಟಿದವನು ಅವನ ಮಗ.

ಸೆರೆಯನ್ನು ಮನುಷ್ಯನನ್ನು ತಿದ್ದುವ ಜಾಗವಾಗಿ ಯಾರೂ ಯೋಚಿಸಿರಲಿಲ್ಲವೇ? ಯೋಚಿಸಿದ್ದರು. ಪ್ಲೇಟೋ ಮುಪ್ಪಿನಲ್ಲಿ ಕಲ್ಪಿಸಿಕೊಂಡ ನಗರದಲ್ಲಿ ಮೂರು ಬಗೆಯ ಜೈಲುಗಳಿವೆ. ಅದರಲ್ಲಿ ಒಂದು ಬುದ್ಧಿ ತಿದ್ದುವ ಜೈಲು. ಕೆಟ್ಟ ಸ್ವಭಾವದವರಲ್ಲದ ನಾಸ್ತಿಕರನ್ನು ಕನಿಷ್ಠ ಐದು ವರ್ಷ ಅಲ್ಲಿಟ್ಟು, ಹಿರಿಯರು ಬಂದು ತಿಳಿಹೇಳಬೇಕು ಎನ್ನುತ್ತಾನೆ. ಅಂಥ ಜೈಲನ್ನು ಯಾವ ಗ್ರೀಕ್ ನಗರವೂ ಕಟ್ಟಿದ ಹಾಗೆ ಕಾಣುವುದಿಲ್ಲ.

ಯುದ್ಧಕೈದಿಗಳ ಪಾಡು ಮಾತ್ರ ಬೇರೆಯೇ. ಕ್ರಿ.ಪೂ. 413ರಲ್ಲಿ ಸಿಸಿಲಿಯ ಸಿರಾಕ್ಯೂಸ್ ನಗರದ ಮೇಲೆ ದಂಡೆತ್ತಿ ಹೋದ ಅಥೆನ್ಸಿನ ಸೇನೆ ಸೋತಾಗ, ಏಳು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿನ ಕಲ್ಲುಗಣಿಗಳಲ್ಲಿ ತುಂಬಿದರು. ಮೇಲೆ ಸೂರಿಲ್ಲ. ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಸತ್ತವರ ಹೆಣಗಳು ಬದುಕಿದ್ದವರ ಪಕ್ಕದಲ್ಲೇ. ದಿನಕ್ಕೆ ಸಿಗುತ್ತಿದ್ದ ನೀರು ಸುಮಾರು ಕಾಲು ಲೀಟರ್, ಧಾನ್ಯ ಅರ್ಧ ಲೀಟರಿನಷ್ಟು.

ಕೌಟಿಲ್ಯ ಬರೆದ ಜೈಲು ನಿಯಮಗಳು

ನಮ್ಮ ಕಡೆಗೆ ಬರೋಣ. ಸೆರೆಮನೆಯ ಆಡಳಿತದ ಬಗ್ಗೆ ಪ್ರಾಚೀನ ಜಗತ್ತಿನಲ್ಲಿ ಇಷ್ಟು ಬಿಡಿಬಿಡಿಯಾಗಿ ಬರೆದ ಗ್ರಂಥ ಅರ್ಥಶಾಸ್ತ್ರದಂಥದು ಕಡಿಮೆ. ಕಳೆದೇ ಹೋಗಿದೆ ಎಂದುಕೊಂಡಿದ್ದ ಈ ಗ್ರಂಥದ ತಾಳೆಗರಿ ಪ್ರತಿಯನ್ನು 20ನೇ ಶತಮಾನದ ಮೊದಲಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಮೈಸೂರಿನಿಂದಲೇ ಅಚ್ಚಾಗಿ ಹೊರಬಂತು. ಗ್ರಂಥ ಮೌರ್ಯರ ಕಾಲದ ಕೌಟಿಲ್ಯನ ಹೆಸರಿನಲ್ಲಿದ್ದರೂ, ಈಗಿರುವ ರೂಪಕ್ಕೆ ಬಂದದ್ದು ಆಮೇಲಿನ ಶತಮಾನಗಳಲ್ಲಿ ಎನ್ನುವ ವಿದ್ವಾಂಸರೇ ಈಗ ಜಾಸ್ತಿ.

ಅದರಲ್ಲಿ ಸೆರೆಮನೆಗೆ ಬಂಧನಾಗಾರ ಎಂಬ ಹೆಸರಿದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ ಇರಬೇಕು, ಒಳಗೆ ಹೋಗುವ ದಾರಿಗೆ ಬಿಗಿ ಕಾವಲು ಇರಬೇಕು ಎನ್ನುತ್ತದೆ. ಆದರೆ ಎಲ್ಲಕ್ಕಿಂತ ಗಮನ ಸೆಳೆಯುವುದು ಜೈಲು ಅಧಿಕಾರಿಗೆ ಹಾಕುವ ದಂಡಗಳು. ಪಣ ಎಂಬುದು ಆಗಿನ ನಾಣ್ಯ. ಕಾರಣ ಹೇಳದೆ ಕೈದಿಯನ್ನು ಅತ್ತಿತ್ತ ಓಡಾಡಿಸಿದರೆ ಅಧಿಕಾರಿಗೆ 24 ಪಣ ದಂಡ. ಕೆಲಸ ಮಾಡಿಸಿಕೊಂಡರೆ ಅದರ ಎರಡರಷ್ಟು. ಅನ್ನ ನೀರು ತಪ್ಪಿಸಿದರೆ 96 ಪಣ. ಹಿಂಸೆ ಕೊಟ್ಟರೆ, ಲಂಚ ಕಿತ್ತರೆ ಇನ್ನೂ ಹೆಚ್ಚು. ಕೈದಿಯನ್ನು ಕೊಂದರೆ 1,000 ಪಣ. ಹೆಣ್ಣು ಕೈದಿಗಳ ಮೇಲೆ ಅತ್ಯಾಚಾರ ಮಾಡುವವರಿಗೆ ಬೇರೆಯೇ ಶಿಕ್ಷೆಗಳಿವೆ. ಈ ಪಟ್ಟಿ ಓದಿದಾಗ ಒಳಗೆ ಏನೇನು ನಡೆಯುತ್ತಿತ್ತು ಎಂಬುದು ತಾನಾಗಿಯೇ ಹೊಳೆಯುತ್ತದೆ. ನಡೆಯದ ತಪ್ಪಿಗೆ ಯಾರೂ ದಂಡ ಗೊತ್ತು ಮಾಡಿಡುವುದಿಲ್ಲ.

ಬಿಡುಗಡೆಯ ನಿಯಮಗಳೂ ಇವೆ. ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಯಂದು ಮಕ್ಕಳು, ಮುದುಕರು, ಕಾಯಿಲೆಯವರು, ದಿಕ್ಕಿಲ್ಲದವರನ್ನು ಬಿಡಬೇಕು. ಹೊಸ ನಾಡು ಗೆದ್ದಾಗ, ಯುವರಾಜನ ಪಟ್ಟಾಭಿಷೇಕವಾದಾಗ, ರಾಜನಿಗೆ ಮಗ ಹುಟ್ಟಿದಾಗ ಕೂಡ ಬಿಡುಗಡೆ. ಉಳಿದವರ ಲೆಕ್ಕವನ್ನು ದಿನಾ ಅಥವಾ ಐದು ದಿನಕ್ಕೊಮ್ಮೆ ನೋಡಿ, ಕೆಲಸ ಮಾಡಿಸಿಯೋ, ಏಟು ಕೊಟ್ಟೋ, ಹಣ ಕಟ್ಟಿಸಿಕೊಂಡೋ ಚುಕ್ತಾ ಮಾಡಬೇಕು. ಜೈಲು ತುಂಬದಂತೆ ನೋಡಿಕೊಳ್ಳುವುದೇ ಇಲ್ಲಿನ ಒಟ್ಟು ಯೋಚನೆ.

ಅಶೋಕನ ಮಾತು, ಸನ್ನತಿಯ ಕಲ್ಲು

ಗ್ರಂಥದಲ್ಲಿ ಬರೆದದ್ದೆಲ್ಲ ನಡೆಯುತ್ತಿತ್ತು ಎಂದು ಹೇಳುವುದು ಕಷ್ಟ. ಆದರೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು ಅವನದೇ ಆಜ್ಞೆಗಳು. ಪಟ್ಟಕ್ಕೆ ಬಂದು 26 ವರ್ಷಗಳಾಗುವ ಹೊತ್ತಿಗೆ 25 ಸಲ ಕೈದಿಗಳನ್ನು ಬಿಡಿಸಿದ್ದೇನೆ ಎಂದು ಒಂದು ಸ್ತಂಭ ಶಾಸನದಲ್ಲಿ ಹೇಳುತ್ತಾನೆ. ಅಂದರೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ. ಇನ್ನೊಂದು ಶಾಸನದಲ್ಲಿ, ಮರಣದಂಡನೆಯಾಗಿ ಸೆರೆಯಲ್ಲಿರುವವರಿಗೆ ಮೂರು ದಿನದ ಬಿಡುವು ಕೊಡುತ್ತಾನೆ. ಅಷ್ಟರಲ್ಲಿ ಬಂಧುಗಳು ಅಧಿಕಾರಿಗಳ ಮನವೊಲಿಸಿ ಜೀವ ಉಳಿಸಿಕೊಳ್ಳಲು ನೋಡಬಹುದು. ಆಗದಿದ್ದರೆ ಕೈದಿ ದಾನ, ಉಪವಾಸ ಮಾಡಿ ಪರಲೋಕಕ್ಕೆ ಸಿದ್ಧನಾಗಬಹುದು. ಮಕ್ಕಳೊಂದಿಗರು, ಮುದುಕರು ಸೆರೆಯಲ್ಲಿದ್ದರೆ ಅವರ ಕಡೆ ನೋಡುವುದು ಧರ್ಮಮಹಾಮಾತ್ರರು ಎಂಬ ಅಧಿಕಾರಿಗಳ ಕೆಲಸವಾಗಿತ್ತು.

ಇವೆಲ್ಲಕ್ಕಿಂತ ನೇರವಾದದ್ದು ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಪ್ರತ್ಯೇಕ ಶಾಸನ. ಯಾರೋ ಒಬ್ಬ ಸೆರೆ ಅನುಭವಿಸುತ್ತಾನೆ, ಹಿಂಸೆ ಅನುಭವಿಸುತ್ತಾನೆ, ಕೆಲವೊಮ್ಮೆ ಕಾರಣವೇ ಇಲ್ಲದೆ ಹಾಗಾಗುತ್ತದೆ, ಅವನ ಜೊತೆ ಇನ್ನೂ ಅನೇಕರು ನೋಯುತ್ತಾರೆ ಎಂಬುದು ಅದರ ಸಾರಾಂಶ. ಹಾಗಾಗಲು ಅಧಿಕಾರಿಯ ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು ಕಾರಣ ಎಂದು ಒಂದೊಂದಾಗಿ ಹೆಸರಿಸುತ್ತಾನೆ. ಇದರ ಪಾಠ ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲಿದೆ. ಕಳಿಂಗದಿಂದ ಬಲು ದೂರ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದರ ಭಾಗಗಳು ಸಿಕ್ಕಿವೆ. ಭೀಮಾ ತೀರದ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಯಲ್ಲಿ ಅಶೋಕನ ಅಕ್ಷರಗಳಿದ್ದವು. ಅದು ಬೆಳಕಿಗೆ ಬಂದದ್ದು 1980ರ ದಶಕದ ಕೊನೆಗೆ.

ರೋಮ್: ನೆಲದಡಿಯ ಕೋಣೆ

ರೋಮ್ ನಗರದ ಹಳೆಯ ಜೈಲು ಇದ್ದದ್ದು ಊರ ನಟ್ಟನಡುವೆ, ಫೋರಂ ಎಂಬ ಚೌಕದ ಪಕ್ಕದಲ್ಲೇ. ಈಗಲೂ ಒಂದು ಚರ್ಚಿನ ಕೆಳಗೆ ಅದನ್ನು ನೋಡಬಹುದು. ಮೇಲೊಂದು ಕಲ್ಲಿನ ಕೋಣೆ. ಅದರ ನೆಲದಲ್ಲೊಂದು ತೂತು. ತೂತಿನ ಕೆಳಗೆ ಟುಲ್ಲಿಯಾನಂ ಎಂಬ ಇನ್ನೊಂದು ಕೋಣೆ. ಇತಿಹಾಸಕಾರ ಸಲ್ಲಸ್ಟ್ ಅದನ್ನು ವರ್ಣಿಸಿದ್ದಾನೆ: ನೆಲದಿಂದ ಸುಮಾರು 12 ಅಡಿ ಆಳ, ಸುತ್ತ ಗೋಡೆ, ಮೇಲೆ ಕಲ್ಲಿನ ಕಮಾನು. ಕೊಳಕು, ಕತ್ತಲೆ, ದುರ್ನಾತ, ನೋಡಿದರೇ ಭಯ ಹುಟ್ಟಬೇಕು.

ಅಲ್ಲಿಗೆ ಇಳಿಸುತ್ತಿದ್ದದ್ದು ಹೆಚ್ಚಾಗಿ ಸಾಯಿಸುವುದಕ್ಕೆ. ರೋಮನ್ನರ ವಿರುದ್ಧ ಗಾಲ್ (ಈಗಿನ ಫ್ರಾನ್ಸ್ ಪ್ರದೇಶ) ಜನರನ್ನು ಒಗ್ಗೂಡಿಸಿದ ವರ್ಸಿಂಜೆಟೊರಿಕ್ಸ್ ಕ್ರಿ.ಪೂ. 52ರಲ್ಲಿ ಸೀಸರನಿಗೆ ಶರಣಾದ. ಸೀಸರನ ವಿಜಯ ಮೆರವಣಿಗೆ ನಡೆದದ್ದು ಕ್ರಿ.ಪೂ. 46ರಲ್ಲಿ. ಅದಕ್ಕಾಗಿಯೇ ಅವನನ್ನು ಆರು ವರ್ಷ ಇಟ್ಟುಕೊಂಡಿದ್ದರು. ಮೆರವಣಿಗೆ ಮುಗಿಯಿತು, ಅವನನ್ನು ಕೊಂದರು.

ವಿಚಾರಣೆಗೆ ಕಾಯುವ ಮೇಲ್ವರ್ಗದವರನ್ನು ಸಾಮಾನ್ಯವಾಗಿ ಈ ಕತ್ತಲೆ ಕೋಣೆಯಲ್ಲಿ ಇಡುತ್ತಿರಲಿಲ್ಲ. ಅಂಥವರನ್ನು ಯಾರಾದರೂ ಗಣ್ಯರ ಮನೆಯಲ್ಲಿ, ಅವರ ಜವಾಬ್ದಾರಿಯಲ್ಲಿ ಇಡುತ್ತಿದ್ದರು. ರೋಮನ್ ಪೌರನಾಗಿದ್ದ ಸಂತ ಪೌಲ ರೋಮ್‌ನಲ್ಲಿ ಎರಡು ವರ್ಷ ತನ್ನದೇ ಖರ್ಚಿನ ಬಾಡಿಗೆ ಮನೆಯಲ್ಲಿದ್ದ, ಕಾವಲಿಗೆ ಒಬ್ಬ ಸೈನಿಕ ಜೊತೆಗಿದ್ದ. ಇವತ್ತಿನ ಗೃಹಬಂಧನಕ್ಕೆ ಇದು ಹತ್ತಿರ. ಇನ್ನೊಂದು ತುದಿಯಲ್ಲಿ ಗುಲಾಮರು. ದೊಡ್ಡ ತೋಟಗಳಲ್ಲಿ ಸಂಕೋಲೆ ಹಾಕಿದ ಗುಲಾಮರಿಗೆ ನೆಲಮಾಳಿಗೆ ಇರುತ್ತಿತ್ತು. ಬೆಳಕಿಗೆ ಸಣ್ಣ ಕಿಟಕಿಗಳಿರಲಿ, ಆದರೆ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ ಎಂದು ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾ ಸಲಹೆ ಕೊಡುತ್ತಾನೆ.

ಜೀವಾವಧಿ ಸೆರೆಯ ಮಾತು ರೋಮ್‌ನಲ್ಲಿ ಒಮ್ಮೆ ಗಂಭೀರವಾಗಿ ಎದ್ದಿತ್ತು. ಕ್ರಿ.ಪೂ. 63ರಲ್ಲಿ ಸರ್ಕಾರ ಬೀಳಿಸುವ ಸಂಚಿನಲ್ಲಿ ಐವರು ಸಿಕ್ಕಿಬಿದ್ದರು. ಕೊಲ್ಲುವುದು ಬೇಡ, ಆಸ್ತಿ ಕಿತ್ತುಕೊಂಡು ಇಟಲಿಯ ಬೇರೆ ಬೇರೆ ಊರುಗಳಲ್ಲಿ ಸೆರೆ ಇಡೋಣ ಎಂದು ಸೆನೆಟ್ಟಿನಲ್ಲಿ ವಾದಿಸಿದವನು ಸೀಸರ್. ಕೇಟೋ ಎಂಬ ಇನ್ನೊಬ್ಬ ಸೆನೆಟರ್ ವಿರೋಧಿಸಿದ. ಸೆನೆಟ್ ಕೇಟೋನ ಮಾತು ಕೇಳಿತು. ಆವತ್ತೇ ಟುಲ್ಲಿಯಾನಂನಲ್ಲಿ ಐವರ ಕುತ್ತಿಗೆಗೆ ಹಗ್ಗ ಬಿಗಿದರು.

ಊಟ ಯಾರು ಹಾಕುತ್ತಿದ್ದರು?

ಕೋಣೆಯ ಕತ್ತಲಿಗಿಂತ ಕೈದಿಗಳನ್ನು ಜಾಸ್ತಿ ಕಾಡಿದ್ದು ಹಸಿವು. ಒಳಗೆ ಸಿಗುತ್ತಿದ್ದದ್ದು ಅಲ್ಪಸ್ವಲ್ಪ, ಉಳಿದದ್ದು ಮನೆಯವರೇ ತರಬೇಕು. ಮ್ಯಾಸಿಡೋನಿಯಾದ ಕೊನೆಯ ರಾಜ ಪರ್ಸಿಯಸ್ ಕ್ರಿ.ಪೂ. 168ರಲ್ಲಿ ಸೋತು ರೋಮನ್ನರ ಕೈಗೆ ಸಿಕ್ಕಿದ. ಆಮೇಲೆ ಅವನನ್ನು ಆಲ್ಬಾ ಎಂಬ ಊರಿನ ನೆಲಮಾಳಿಗೆಗೆ ತಳ್ಳಿದರು. ಒಂದು ಊಟದ ಕೋಣೆಯಷ್ಟೇ ಜಾಗ, ಅದರ ತುಂಬ ಮರಣದಂಡನೆಯಾದ ಕೈದಿಗಳು. ಏಳು ದಿನ ಅವನಿಗೆ ಅನ್ನ ಕೊಡಲಿಲ್ಲ. ಆಗ ಅಲ್ಲಿದ್ದ ಕೈದಿಗಳೇ ಕಣ್ಣೀರು ಹಾಕುತ್ತಾ ತಮ್ಮ ಪಾಲಿನ ಊಟವನ್ನು ಅವನ ಜೊತೆ ಹಂಚಿಕೊಂಡರು ಎಂದು ಇತಿಹಾಸಕಾರ ಡಯೊಡೋರಸ್ ಬರೆಯುತ್ತಾನೆ.

ಸಾಮಾನ್ಯರ ಜೈಲು ಹೇಗಿತ್ತು ಎಂಬುದಕ್ಕೆ ಲಿಬಾನಿಯಸ್‌ನಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ. ರೋಮ್ ಸಾಮ್ರಾಜ್ಯದ ಆಂಟಿಯಾಕ್ ನಗರದ ಮೇಷ್ಟ್ರು ಅವನು. 4ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಕೈದಿಗಳ ಪರವಾಗಿ ಒಂದು ಮನವಿ ಬರೆದ. ಬಲವಿದ್ದವರು ಸಣ್ಣಪುಟ್ಟ ಜಗಳಕ್ಕೆಲ್ಲ ಬಡವರ ಮೇಲೆ ದೂರು ಕೊಟ್ಟು ಒಳಗೆ ಹಾಕಿಸುತ್ತಾರೆ. ವಿಚಾರಣೆ ಮಾಡಬೇಕಾದ ಅಧಿಕಾರಿಗೆ ಆಟ, ನಾಟಕ, ಔತಣಗಳ ನಡುವೆ ಪುರುಸೊತ್ತಿಲ್ಲ. ಒಳಗೆ ಕಾಲು ಚಾಚಿ ಮಲಗಲೂ ಜಾಗವಿಲ್ಲ. ಹೆಂಡತಿ, ತಂಗಿ, ಮಗಳು ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ. ದೀಪದ ಎಣ್ಣೆಗೂ ಕಾವಲುಗಾರ ಬಡವರಿಂದ ಕಾಸು ಕೀಳುತ್ತಾನೆ. ಹೀಗೆ ತೀರ್ಪೇ ಕೇಳದೆ ಜನ ಸಾಯುತ್ತಿದ್ದಾರೆ ಎಂಬುದು ಅವನ ದೂರು.

ಕಾಯುವುದಕ್ಕೂ ಮಿತಿ ಹಾಕಲು ನೋಡಿದವರು

ರೋಮ್‌ನ ಕಾನೂನು ತಜ್ಞ ಅಲ್ಪಿಯನ್ 3ನೇ ಶತಮಾನದ ಮೊದಲಲ್ಲಿ ಬರೆದ ಒಂದು ವಾಕ್ಯ ಈ ವಿಷಯದಲ್ಲಿ ಬಹಳ ಹೆಸರಾಗಿದೆ. ಸೆರೆಮನೆ ಇರಬೇಕಾದದ್ದು ಜನರನ್ನು ಹಿಡಿದಿಡುವುದಕ್ಕೆ, ಶಿಕ್ಷಿಸುವುದಕ್ಕಲ್ಲ ಎಂದು ಅವನು ಹೇಳುತ್ತಾನೆ. ಇದನ್ನು ಪೂರ್ತಿ ಸಂದರ್ಭದಲ್ಲಿ ಓದಬೇಕು. ಪ್ರಾಂತ್ಯಗಳ ಅಧಿಕಾರಿಗಳು ಜನರಿಗೆ ಸೆರೆಯನ್ನೇ ಶಿಕ್ಷೆಯಾಗಿ ಕೊಡುವುದುಂಟು, ಹಾಗೆ ಮಾಡಬಾರದು ಎಂಬುದು ಅವನ ಮಾತು. ನಿಯಮ ಒಂದಿತ್ತು, ನಡೆಯುತ್ತಿದ್ದದ್ದು ಇನ್ನೊಂದು.

ಮುಂದಿನ ಚಕ್ರವರ್ತಿಗಳ ಆಜ್ಞೆಗಳಲ್ಲೂ ಇದೇ ಕಾಣುತ್ತದೆ. 320ರಲ್ಲಿ ಕಾನ್‌ಸ್ಟಂಟೈನ್ ಹೊರಡಿಸಿದ ಆಜ್ಞೆ ಇನ್ನೂ ತೀರ್ಪಾಗದ ಕೈದಿಗಳ ಬಗ್ಗೆ. ವಿಚಾರಣೆ ಬೇಗ ಮುಗಿಸಬೇಕು. ಮೂಳೆಗೆ ಕಚ್ಚುವ ಕಬ್ಬಿಣದ ಬೇಡಿ ಬೇಡ, ಸಡಿಲ ಸರಪಳಿ ಸಾಕು. ಒಳಗಿನ ಕತ್ತಲ ಕೋಣೆಯಲ್ಲಿ ಇಡಬಾರದು. ಬೆಳಗಾದ ಕೂಡಲೇ ಬೆಳಕಿಗೆ ಕರೆತರಬೇಕು. ಜೈಲಿನ ಯಾತನೆಯಿಂದಲೇ ಆರೋಪಿ ಸಾಯಬಾರದು, ಅದು ನಿರಪರಾಧಿಗೆ ಅನ್ಯಾಯ, ಅಪರಾಧಿಗೆ ತೀರಾ ಕಡಿಮೆ ಶಿಕ್ಷೆ ಎಂಬುದು ಅವನು ಕೊಟ್ಟ ಕಾರಣ. ಲಿಬಾನಿಯಸ್ ತನ್ನ ದೂರು ಬರೆದದ್ದು ಈ ಆಜ್ಞೆಯಾಗಿ ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ಹಾಗಾಗಿ ಆಜ್ಞೆಗಳು ಮತ್ತೆ ಮತ್ತೆ ಬಂದವು. 409ರ ಆಜ್ಞೆಯಲ್ಲಿ ಹೊಸದೊಂದು ಏರ್ಪಾಡಿತ್ತು. ಪ್ರತಿ ಭಾನುವಾರ ನ್ಯಾಯಾಧೀಶರು ಕೈದಿಗಳನ್ನು ಹೊರಗೆ ಕರೆಸಿ ವಿಚಾರಿಸಬೇಕು, ಗತಿಯಿಲ್ಲದವರಿಗೆ ಊಟ ಕೊಡಿಸಬೇಕು, ಕಾವಲಿನಲ್ಲಿ ಸ್ನಾನಕ್ಕೆ ಕಳಿಸಬೇಕು. 529ರಲ್ಲಿ ಜಸ್ಟಿನಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ಕೆಲಸವನ್ನು ಅಧಿಕಾರಿಗಳಿಗೆ ಮಾತ್ರ ಬಿಡಲಿಲ್ಲ. ಆಯಾ ಊರಿನ ಬಿಷಪ್ ವಾರಕ್ಕೊಮ್ಮೆ, ಬುಧವಾರ ಇಲ್ಲವೇ ಶುಕ್ರವಾರ, ಜೈಲಿಗೆ ಹೋಗಬೇಕು. ಯಾರನ್ನು ಯಾವ ಕಾರಣಕ್ಕೆ ಇಟ್ಟಿದ್ದಾರೆ ಎಂದು ಕೇಳಬೇಕು. ಅಧಿಕಾರಿಗಳು ಕೆಲಸ ಮಾಡದಿದ್ದರೆ ಚಕ್ರವರ್ತಿಗೆ ವರದಿ ಮಾಡಬೇಕು.